ದಾಸ್ತಾನು ಪಟ್ಟಿಯ ‘ಮೂಲ ದೇಶ’ ಎಂಬ ಕಾಲಂ

ಮಾರ್ಚ್ ತಿಂಗಳ ಕೊನೆಯ ವಾರ ನಮ್ಮ ಪ್ರಯೋಗಾಲಯದಲ್ಲಿ ದಾಸ್ತಾನು ಲೆಕ್ಕದ ಕಾಲ. ಬೆಂಗಳೂರಿನ ಉತ್ತರಕ್ಕೆ, ಬಳ್ಳಾರಿ ರಸ್ತೆಯಿಂದ ಸ್ವಲ್ಪ ಒಳಗಿರುವ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಪ್ರಯೋಗಾಲಯದ ಉಸ್ತುವಾರಿ ನೋಡಿಕೊಳ್ಳುತ್ತೇನೆ. ಕಿಣ್ವ, ಕಿಟ್, ಪ್ರತಿಕಾಯ, ಪ್ಲಾಸ್ಟಿಕ್ ಸಾಮಾನುಗಳನ್ನು ತರಿಸುವುದು, ಅವು ಕೆಡದಂತೆ ಕಾಯುವುದು, ಮುಗಿಯುವ ಮೊದಲೇ ಮತ್ತೆ ತರಿಸುವುದು, ಇಷ್ಟು ನನ್ನ ಕೆಲಸ. ಸರ್ಕಾರಿ ಖರೀದಿಯಲ್ಲಿ ದೇಶೀಯ ವಸ್ತುಗಳಿಗೆ ಆದ್ಯತೆ ಕೊಡಬೇಕೆಂಬ 2017ರ ಆದೇಶ ಬಂದ ಮೇಲೆ ನಮ್ಮ ಪಟ್ಟಿಗೆ ‘ಮೂಲ ದೇಶ’ ಎಂಬ ಕಾಲಂ ಸೇರಿಕೊಂಡಿತು. ಮೊದಲೆರಡು ವರ್ಷ ಅದನ್ನು ಬೇಸರದಿಂದಲೇ ತುಂಬಿದೆ. ಈ ವರ್ಷ ಮಾತ್ರ, ಮೈನಸ್ ಇಪ್ಪತ್ತು ಡಿಗ್ರಿಯ ಫ್ರೀಜರಿನ ಮುಂದೆ ಕೈಗವಸು ಹಾಕಿಕೊಂಡು ಒಂದೊಂದೇ ಡಬ್ಬಿಯ ಲೇಬಲ್ ಓದುತ್ತಿದ್ದಾಗ, ಹಿಂದಿನ ದಿನ ಕಾಫಿ ಕೋಣೆಯಲ್ಲಿ ನಡೆದಿದ್ದ ಒಂದು ವಾದ ನೆನಪಿಗೆ ಬಂತು. ಜೈವಿಕ ತಂತ್ರಜ್ಞಾನದ ಸಂಶೋಧನೆಯಲ್ಲಿ ಯಾವ ದೇಶದ ಪ್ರಭಾವ ಹೆಚ್ಚು ಎಂಬುದು ಆ ವಾದದ ವಿಷಯ. ಅಮೆರಿಕದ ಕಾಲ ಮುಗಿಯಿತು, ಇನ್ನು ಚೀನಾದ್ದೇ ಎಂದು ಒಬ್ಬ ವಿದ್ಯಾರ್ಥಿ ಅಂಕಿಗಳನ್ನು ಮುಂದಿಟ್ಟು ಸಾಧಿಸಿದ್ದ. ನನ್ನ ಫ್ರೀಜರ್ ಮಾತ್ರ ಬೇರೆ ಏನನ್ನೋ ಹೇಳುತ್ತಿತ್ತು.

ವಿದ್ಯಾರ್ಥಿಯ ಅಂಕಿಗಳು ಸುಳ್ಳೇನಲ್ಲ. ಯಾವ ದೇಶದಿಂದ ಎಷ್ಟು ಪ್ರಬಂಧಗಳು ಪ್ರಕಟವಾದವು ಎಂದು ಬರೀ ಎಣಿಸುವುದು ಹಳೆಯ ಕ್ರಮ. ಈಗ ಎಣಿಸುವವರು, ಆ ಪ್ರಬಂಧಗಳನ್ನು ಬೇರೆ ವಿಜ್ಞಾನಿಗಳು ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂದು ನೋಡುತ್ತಾರೆ, ಅತಿ ಹೆಚ್ಚು ಉಲ್ಲೇಖ ಪಡೆದ ಶೇ. 10ರಷ್ಟನ್ನೋ ಶೇ. 1ರಷ್ಟನ್ನೋ ಮಾತ್ರ ಬೇರ್ಪಡಿಸುತ್ತಾರೆ, ಐದು ದೇಶಗಳ ಲೇಖಕರು ಸೇರಿ ಬರೆದಿದ್ದರೆ ಅದರ ಪುಣ್ಯವನ್ನು ಪಾಲುಪಾಲಾಗಿ ಹಂಚುತ್ತಾರೆ. ಆಸ್ಟ್ರೇಲಿಯಾದ ಒಂದು ನೀತಿ ಅಧ್ಯಯನ ಸಂಸ್ಥೆ ಈ ರೀತಿ ಲೆಕ್ಕ ಹಾಕಿ 2024ರಲ್ಲಿ ಹೊರತಂದ ಪಟ್ಟಿಯಲ್ಲಿ, 64 ತಂತ್ರಜ್ಞಾನಗಳ ಪೈಕಿ 57ರಲ್ಲಿ ಚೀನಾ ಮೊದಲ ಸ್ಥಾನದಲ್ಲಿದೆ. ಜೀವಿಗಳನ್ನೇ ಯಂತ್ರಗಳಂತೆ ವಿನ್ಯಾಸ ಮಾಡುವ ಸಂಶ್ಲೇಷಿತ ಜೀವವಿಜ್ಞಾನವೂ ಅದರಲ್ಲಿ ಸೇರಿದೆ. ಲಸಿಕೆಗಳ ವಿಷಯದಲ್ಲಿ ಅಮೆರಿಕ ಇನ್ನೂ ಮುಂದಿದೆ. ನಮ್ಮವರು ಗಮನಿಸಬೇಕಾದ ಒಂದು ಸಾಲೂ ಅಲ್ಲಿದೆ. ಜೈವಿಕ ಉತ್ಪಾದನೆ ಎಂಬ ವಿಭಾಗದಲ್ಲಿ ಭಾರತ ಅಮೆರಿಕವನ್ನು ದಾಟಿ ಎರಡನೇ ಸ್ಥಾನಕ್ಕೆ ಬಂದಿದೆ. ಆಯ್ದ ಕೆಲವು ನಿಯತಕಾಲಿಕಗಳನ್ನಷ್ಟೇ ಆಧರಿಸುವ ನೇಚರ್ ಇಂಡೆಕ್ಸ್ ಎಂಬ ಇನ್ನೊಂದು ಎಣಿಕೆಯಲ್ಲಿ, ನಿಸರ್ಗ ವಿಜ್ಞಾನಗಳನ್ನು ಒಟ್ಟಾಗಿ ನೋಡಿದರೆ ಚೀನಾ 2023ರಲ್ಲಿ ಮೊದಲ ಬಾರಿಗೆ ಅಮೆರಿಕವನ್ನು ಹಿಂದಿಕ್ಕಿತು. ಆದರೆ ಜೀವವಿಜ್ಞಾನವನ್ನು ಮಾತ್ರ ಪ್ರತ್ಯೇಕವಾಗಿ ತೆಗೆದುಕೊಂಡರೆ ಅಮೆರಿಕವೇ ಮೇಲಿತ್ತು. ಎರಡು ಜರಡಿ, ಎರಡು ಬಗೆಯ ಹಿಟ್ಟು.

ಚೀನಾದ ಏರಿಕೆ ಬರೀ ಕಾಗದದ ಮೇಲಿನದು ಎಂದು ಮೂಗು ಮುರಿಯುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಅಕೇಸೊ ಎಂಬ ಚೀನೀ ಕಂಪನಿ ಕಂಡುಹಿಡಿದ ಐವೊನೆಸಿಮ್ಯಾಬ್ ಎಂಬ ಕ್ಯಾನ್ಸರ್ ಪ್ರತಿಕಾಯದ ಹಕ್ಕನ್ನು ಅಮೆರಿಕದ ಸಮ್ಮಿಟ್ ಕಂಪನಿ 2022ರ ಡಿಸೆಂಬರ್‌ನಲ್ಲಿ 50 ಕೋಟಿ ಡಾಲರ್ ಮುಂಗಡ ಕೊಟ್ಟು ಪಡೆಯಿತು. 2024ರಲ್ಲಿ ಪ್ರಕಟವಾದ ಚೀನಾದ ರೋಗಿಗಳ ಮೇಲಿನ ಪರೀಕ್ಷೆಯಲ್ಲಿ, ಶ್ವಾಸಕೋಶದ ಕ್ಯಾನ್ಸರಿನ ಬೆಳವಣಿಗೆಯನ್ನು ತಡೆದಿಡುವುದರಲ್ಲಿ ಅದು ಆಗ ಜಗತ್ತಿನಲ್ಲೇ ಅತಿ ಹೆಚ್ಚು ಮಾರಾಟವಾಗುತ್ತಿದ್ದ ಕೀಟ್ರೂಡಾ ಎಂಬ ಅಮೆರಿಕದ ಕ್ಯಾನ್ಸರ್ ಔಷಧವನ್ನು ಮೀರಿಸಿತು. ಔಷಧದ ಜಗತ್ತಿನಲ್ಲಿ ಹಿಂದೆ ಅಮೆರಿಕದಿಂದ ಪೂರ್ವಕ್ಕೆ ಮಾತ್ರ ಹರಿಯುತ್ತಿದ್ದ ನೀರು ಈಗ ಪಶ್ಚಿಮಕ್ಕೂ ತಿರುಗಿದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ಬೇಡ.

ಹಾಗಿದ್ದರೂ ಉಲ್ಲೇಖಗಳ ಎಣಿಕೆ ಏನನ್ನು ಅಳೆಯುತ್ತದೆ ಎಂಬುದು ನನ್ನಂಥ ಬೆಂಚಿನ ಪಕ್ಕದವರಿಗೆ ಬೇರೆಯಾಗಿಯೇ ಕಾಣುತ್ತದೆ. ವಿಜ್ಞಾನದ ಇತಿಹಾಸದಲ್ಲಿ ಅತಿ ಹೆಚ್ಚು ಉಲ್ಲೇಖ ಪಡೆದ ಪ್ರಬಂಧ ಐನ್‌ಸ್ಟೈನ್‌ನದೂ ಅಲ್ಲ, ಡಿಎನ್‌ಎಯ ರಚನೆಯನ್ನು ಬಿಡಿಸಿದ ವಾಟ್ಸನ್ ಮತ್ತು ಕ್ರಿಕ್ ಅವರದೂ ಅಲ್ಲ. 1951ರಲ್ಲಿ ಆಲಿವರ್ ಲೌರಿ ಮತ್ತು ಸಂಗಡಿಗರು ಅಮೆರಿಕದ ಸೇಂಟ್ ಲೂಯಿಯಿಂದ ಪ್ರಕಟಿಸಿದ, ದ್ರಾವಣದಲ್ಲಿ ಎಷ್ಟು ಪ್ರೋಟೀನ್ ಇದೆ ಎಂದು ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನದ ಪ್ರಬಂಧ ಅದು. 3 ಲಕ್ಷಕ್ಕೂ ಹೆಚ್ಚು ಬಾರಿ ಅದು ಉಲ್ಲೇಖಗೊಂಡಿದೆ. ಅದರಲ್ಲಿ ಯಾವ ಮಹಾ ಸಿದ್ಧಾಂತವೂ ಇಲ್ಲ. ಇರುವುದು ಅಡುಗೆಯ ಕೈಪಿಡಿಯಂಥ ಒಂದು ವಿಧಾನ ಮಾತ್ರ. ಎಲ್ಲರ ಕೈಗೂ ಒದಗಿದ್ದರಿಂದ ಎಲ್ಲರೂ ಅದರ ಹೆಸರು ಬರೆದರು.

ಇದರ ಎದುರು ನಮ್ಮ ಊರಿಗೇ ಸೇರಿದ ಇನ್ನೊಂದು ಹೆಸರನ್ನು ಇಡುತ್ತೇನೆ. ಜಿ. ಎನ್. ರಾಮಚಂದ್ರನ್ ಎರ್ನಾಕುಲಂನಲ್ಲಿ ಹುಟ್ಟಿದರೂ ಓದಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಸಿ. ವಿ. ರಾಮನ್ ಅವರ ಬಳಿ. ಮುಂದೆ ಮದರಾಸು ವಿಶ್ವವಿದ್ಯಾಲಯದಲ್ಲಿದ್ದಾಗ, 1963ರಲ್ಲಿ, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಅವರೊಂದಿಗೆ ಒಂದು ನಕ್ಷೆಯನ್ನು ಪ್ರಕಟಿಸಿದರು. ಪ್ರೋಟೀನಿನ ಸರಪಳಿ ಎರಡು ಕೋನಗಳ ಸುತ್ತ ತಿರುಗಬಲ್ಲದು. ಆದರೆ ಎಲ್ಲ ತಿರುವುಗಳೂ ಸಾಧ್ಯವಿಲ್ಲ, ಏಕೆಂದರೆ ಕೆಲವು ತಿರುವುಗಳಲ್ಲಿ ಪರಮಾಣುಗಳು ಒಂದಕ್ಕೊಂದು ತಾಗಿಬಿಡುತ್ತವೆ. ಯಾವ ತಿರುವು ಸಲ್ಲುತ್ತದೆ, ಯಾವುದು ಸಲ್ಲದು ಎಂಬುದನ್ನು ಚೌಕಾಕಾರದ ಒಂದೇ ಚಿತ್ರದಲ್ಲಿ ಅವರು ತೋರಿಸಿದರು. 1971ರಲ್ಲಿ ಅವರು ಬೆಂಗಳೂರಿಗೆ ಮರಳಿ ಬಂದು ಅದೇ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೈವಿಕ ಭೌತವಿಜ್ಞಾನದ ಘಟಕವನ್ನು ಕಟ್ಟಿದರು. ಇವತ್ತು ಜಗತ್ತಿನ ಯಾವ ಮೂಲೆಯಲ್ಲಿ ಯಾರೇ ಹೊಸ ಪ್ರೋಟೀನಿನ ರಚನೆಯನ್ನು ಬಿಡಿಸಿ ಸಾರ್ವಜನಿಕ ಸಂಗ್ರಹಕ್ಕೆ ಒಪ್ಪಿಸಿದರೂ, ಅದರ ತಪಾಸಣಾ ವರದಿಯಲ್ಲಿ ರಾಮಚಂದ್ರನ್ ನಕ್ಷೆಯ ಹೊರಗೆ ಎಷ್ಟು ಬಿಂದುಗಳು ಬಿದ್ದಿವೆ ಎಂದು ಹೇಳುವ ಒಂದು ಸಾಲು ಇದ್ದೇ ಇರುತ್ತದೆ. ಕಂಪ್ಯೂಟರ್ ಊಹಿಸಿಕೊಟ್ಟ ರಚನೆ ನಂಬಲು ಯೋಗ್ಯವೇ ಎಂದು ನೋಡುವವರೂ ಅದೇ ಚೌಕದ ಮುಂದೆ ನಿಲ್ಲುತ್ತಾರೆ. ಆ ನಕ್ಷೆಯನ್ನು ದಿನಕ್ಕೆ ಹತ್ತು ಸಲ ನೋಡುವ ನಮ್ಮ ವಿದ್ಯಾರ್ಥಿಗಳಲ್ಲಿ 1963ರ ಪ್ರಬಂಧವನ್ನು ತಮ್ಮ ಆಕರ ಪಟ್ಟಿಯಲ್ಲಿ ಸೇರಿಸಿದವರನ್ನು ನಾನು ಒಬ್ಬಿಬ್ಬರನ್ನು ಬಿಟ್ಟರೆ ಕಂಡಿಲ್ಲ. ಅದು ತೀರಾ ಮನೆಮಾತಾಗಿದೆ. ಮನೆಯ ಯಜಮಾನಿಯ ಹೆಸರನ್ನು ಅತಿಥಿಗಳ ಪಟ್ಟಿಯಲ್ಲಿ ಬರೆಯುವವರಿಲ್ಲ. ಎಣಿಸುವವರ ಕಣ್ಣಿಗೆ ಭಾರತದ ಈ ಪ್ರಭಾವ ಅದು ಪೂರ್ಣಗೊಂಡ ಗಳಿಗೆಯಲ್ಲೇ ಮರೆಯಾಯಿತು.

ಈಗ ಫ್ರೀಜರಿನ ವಿಷಯ. ಮೇಲಿನ ಅರೆಯಲ್ಲಿ ಡಿಎನ್‌ಎಯನ್ನು ನಿರ್ದಿಷ್ಟ ಅಕ್ಷರಗಳ ಜಾಗದಲ್ಲಿ ಕತ್ತರಿಸುವ ಕಿಣ್ವಗಳಿವೆ. ಹೆಚ್ಚಿನವುಗಳ ಮೇಲೆ ಮಸಾಚುಸೆಟ್ಸ್ ರಾಜ್ಯದ ವಿಳಾಸವಿದೆ, ಅದರಲ್ಲಿ ಅಚ್ಚರಿಯಿಲ್ಲ. ಅಚ್ಚರಿಯಾಗುವುದು ಎರಡನೆಯ ಸಾಲಿನ ಡಬ್ಬಿಗಳಲ್ಲಿ. ಕಂಪನಿ ಅಮೆರಿಕದ್ದು, ಆದರೆ ತಯಾರಾದ ಜಾಗ ಲಿಥುವೇನಿಯಾದ ವಿಲ್ನಿಯಸ್. ಇಡೀ ದೇಶದ ಜನಸಂಖ್ಯೆ 30 ಲಕ್ಷದ ಆಸುಪಾಸು, ಅಂದರೆ ನಮ್ಮ ಬೆಂಗಳೂರಿನ ಒಂದು ಮಗ್ಗುಲಿನಷ್ಟು. ಸೋವಿಯತ್ ಆಳ್ವಿಕೆಯ ಕಾಲದಲ್ಲಿ, 1975ರಲ್ಲಿ, ಅಲ್ಲಿ ಅನ್ವಯಿಕ ಕಿಣ್ವವಿಜ್ಞಾನದ ಒಂದು ಸಂಸ್ಥೆ ಹುಟ್ಟಿತು. ಅದರ ಒಡಲಿನಿಂದ ಬಂದ ಫರ್ಮೆಂಟಾಸ್ ಎಂಬ ಕಂಪನಿಯ ಕಿಣ್ವಗಳನ್ನು ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ತರಿಸುತ್ತಿದ್ದೆ. ಅಮೆರಿಕದ ಥರ್ಮೊ ಫಿಷರ್ ಅದನ್ನು 2010ರಲ್ಲಿ ಕೊಂಡುಕೊಂಡಿತು. ಹೆಸರು ಬದಲಾಯಿತು, ಕಿಣ್ವ ತಯಾರಿಸುವ ಕೈಗಳು ವಿಲ್ನಿಯಸ್‌ನಲ್ಲೇ ಉಳಿದವು.

ಪಕ್ಕದ ಬೆಂಚಿನ ಮೇಲಿನ ಪಿಪೆಟ್‌ಗಳ ಮೂಲ ಜರ್ಮನಿ. ಮಾರ್ಬರ್ಗ್‌ನಲ್ಲಿ ಹೈನ್ರಿಷ್ ಶ್ನಿಟ್ಗರ್ ಎಂಬಾತ ಬಾಯಿಯಿಂದ ದ್ರಾವಣ ಹೀರುವ ಪದ್ಧತಿಗೆ ಬೇಸತ್ತು 1957ರಲ್ಲಿ ರೂಪಿಸಿದ ಉಪಕರಣದ ಮೊಮ್ಮಕ್ಕಳು ಅವು. ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸುವ ಮಣಿಗಳು ಸ್ವೀಡನ್ನಿನ ಉಪ್ಸಾಲಾದವು. 1959ರಲ್ಲಿ ಅಲ್ಲಿ ಸಕ್ಕರೆಯ ಸರಪಳಿಗಳನ್ನು ಹೆಣೆದು ಮಾಡಿದ ಸೆಫಾಡೆಕ್ಸ್ ಎಂಬ ಹಿಟ್ಟು ಇಲ್ಲದಿದ್ದರೆ ಜೈವಿಕ ಔಷಧಗಳ ಶುದ್ಧೀಕರಣ ಇಂದಿನ ರೂಪಕ್ಕೆ ಬರುತ್ತಿರಲಿಲ್ಲ. ಡಿಎನ್‌ಎ ಓದುವ ದೊಡ್ಡ ಯಂತ್ರದ ಮೇಲೆ ಅಮೆರಿಕದ ಇಲ್ಯುಮಿನಾದ ಹೆಸರಿದೆ. ಅದರ ಒಳಗಿನ ವಿಧಾನ ಮಾತ್ರ ಇಂಗ್ಲೆಂಡಿನ ಕೇಂಬ್ರಿಡ್ಜ್‌ನಲ್ಲಿ, ಚೆನ್ನೈನಲ್ಲಿ ಹುಟ್ಟಿ ಬಾಲ್ಯದಲ್ಲೇ ಬ್ರಿಟನ್ನಿಗೆ ಹೋದ ಶಂಕರ್ ಬಾಲಸುಬ್ರಮಣಿಯನ್ ಮತ್ತು ಡೇವಿಡ್ ಕ್ಲೆನರ್‌ಮನ್ ಅವರು ರೂಪಿಸಿದ್ದು. ಅವರು ಕಟ್ಟಿದ ಸೊಲೆಕ್ಸಾ ಕಂಪನಿಯನ್ನು ಇಲ್ಯುಮಿನಾ 2007ರಲ್ಲಿ ಖರೀದಿಸಿತು. ಮೂಲ ದೇಶ ಎಂಬ ಕಾಲಂನಲ್ಲಿ ನಾನು ಬರೆದದ್ದು ಅಮೆರಿಕ. ಲೆಕ್ಕಪರಿಶೋಧಕರಿಗೆ ಅಷ್ಟು ಸಾಕು.

ಕ್ರಿಸ್ಪರ್ ಕಿಟ್‌ಗಳ ಡಬ್ಬಿ ಕೈಗೆ ಬಂದಾಗ ನಾನು ಪೆನ್ನು ಕೆಳಗಿಟ್ಟೆ. ಈ ಜೀನ್ ತಿದ್ದುವ ಕತ್ತರಿಯ ಜಾತಕ ಬರೆಯಲು ಕಾಲಂ ಸಾಲದು. 1987ರಲ್ಲಿ ಜಪಾನಿನ ಒಸಾಕಾದಲ್ಲಿ ಯೊಶಿಝುಮಿ ಇಶಿನೊ ಮತ್ತು ಸಂಗಡಿಗರು ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಒಂದೇ ಬಗೆಯ ತುಣುಕುಗಳು ಮತ್ತೆ ಮತ್ತೆ ಬರುವುದನ್ನು ಕಂಡರು, ಅದರ ಅರ್ಥ ಅವರಿಗೂ ತಿಳಿಯಲಿಲ್ಲ. ಸ್ಪೇನಿನ ಅಲಿಕಾಂಟೆಯ ಫ್ರಾನ್ಸಿಸ್ಕೊ ಮೊಹಿಕಾ ಉಪ್ಪಿನ ಜೌಗಿನ ಸೂಕ್ಷ್ಮಜೀವಿಗಳಲ್ಲಿ ಅದನ್ನೇ ನೋಡಿ, ಹತ್ತಕ್ಕೂ ಹೆಚ್ಚು ವರ್ಷ ಅದರ ಬೆನ್ನು ಬಿಡದೆ, ಇದು ವೈರಸ್‌ಗಳ ವಿರುದ್ಧ ಬ್ಯಾಕ್ಟೀರಿಯಾ ಇಟ್ಟುಕೊಂಡ ನೆನಪಿನ ಪುಸ್ತಕ ಎಂದು ಊಹಿಸಿದ. ಆ ಊಹೆ ನಿಜವೆಂದು 2007ರಲ್ಲಿ ಪ್ರಯೋಗದಿಂದ ತೋರಿಸಿದವರು ಡೆನ್ಮಾರ್ಕಿನ ಆಹಾರ ಕಂಪನಿ ಡ್ಯಾನಿಸ್ಕೊದ ವಿಜ್ಞಾನಿಗಳು. ಅವರಿಗಿದ್ದ ಚಿಂತೆ ಮೊಸರಿನದು. ಹೆಪ್ಪಿನ ಬ್ಯಾಕ್ಟೀರಿಯಾಕ್ಕೆ ವೈರಸ್ ತಗುಲಿದರೆ ಸಾವಿರಾರು ಲೀಟರ್ ಹಾಲು ಹಾಳಾಗುತ್ತದೆ. ದಿನಾ ರಾತ್ರಿ ಹಾಲಿಗೆ ಹೆಪ್ಪು ಹಾಕಿ ಮಲಗುವ ನಮ್ಮ ನಾಡಿನ ಕೋಟ್ಯಂತರ ಮನೆಗಳಲ್ಲಿ, ಒಂದು ದಿನ ಮೊಸರು ಯಾಕೆ ಹೆಪ್ಪುಗಟ್ಟಲಿಲ್ಲ ಎಂಬ ಪ್ರಶ್ನೆಯನ್ನು ಸೂಕ್ಷ್ಮದರ್ಶಕದವರೆಗೆ ಒಯ್ಯಲು ಯಾರಿಗೂ ಸಂಬಳ ಕೊಟ್ಟಿರಲಿಲ್ಲವಲ್ಲ ಎಂದು ಒಮ್ಮೊಮ್ಮೆ ಅನಿಸುತ್ತದೆ. ಮುಂದೆ, ಸ್ವೀಡನ್ನಿನ ಉಮಿಯೊದಲ್ಲಿದ್ದ ಫ್ರೆಂಚ್ ವಿಜ್ಞಾನಿ ಇಮ್ಯಾನುಯೆಲ್ ಶಾರ್ಪಾಂತಿಯೆ ಮತ್ತು ಕ್ಯಾಲಿಫೋರ್ನಿಯಾದ ಜೆನಿಫರ್ ಡೌಡ್ನಾ 2012ರ ಜೂನ್‌ನಲ್ಲಿ ಇದನ್ನು ಬೇಕಾದ ಕಡೆ ಕತ್ತರಿಸುವ ಸಾಧನವಾಗಿ ಮಾಡಬಹುದೆಂದು ತೋರಿಸಿದರು. ವಿಲ್ನಿಯಸ್‌ನ ವರ್ಗೀನಿಯಸ್ ಷಿಕ್ಷ್‌ನಿಸ್ ಹೆಚ್ಚುಕಡಿಮೆ ಅದೇ ಫಲಿತಾಂಶವನ್ನು ಅವರಿಗಿಂತ ಮೊದಲೇ, ಏಪ್ರಿಲ್‌ನಲ್ಲಿ, ಒಂದು ಪ್ರತಿಷ್ಠಿತ ಪತ್ರಿಕೆಗೆ ಕಳುಹಿಸಿದ್ದ. ಪತ್ರಿಕೆ ಅದನ್ನು ಪರಿಶೀಲನೆಗೂ ಕಳುಹಿಸದೆ ಹಿಂದಿರುಗಿಸಿತು. ಬೇರೆ ಕಡೆ ಅಚ್ಚಾಗುವಷ್ಟರಲ್ಲಿ ಸೆಪ್ಟೆಂಬರ್ ಬಂದಿತ್ತು. 2020ರ ನೊಬೆಲ್ ಇಬ್ಬರಿಗೆ ಮಾತ್ರ ಸಂದಿತು. ವಿಲ್ನಿಯಸ್ ಬದಲು ಬಾಸ್ಟನ್ನಿನ ವಿಳಾಸ ಇದ್ದಿದ್ದರೆ ಆ ಲಕೋಟೆಗೆ ಅದೇ ಗತಿಯಾಗುತ್ತಿತ್ತೇ ಎಂಬ ಅನುಮಾನ ನನ್ನದು. ಸಣ್ಣ ಊರಿನಿಂದ ಪ್ರಬಂಧ ಕಳುಹಿಸಿದ ಯಾರನ್ನೇ ಕೇಳಿದರೂ ಅದೇ ಅನುಮಾನ ಹೇಳುತ್ತಾರೆ.

ಹೀಗೆ ನೋಡಿದಾಗ ದೇಶದ ಪ್ರಭಾವ ಎಂದರೆ ಅದರ ಕೈಯ ಯಾವ ವಸ್ತು ಇಲ್ಲದೆ ಇನ್ನೊಬ್ಬರ ಕೆಲಸ ನಿಂತುಬಿಡುತ್ತದೆ ಎಂಬುದು ಎಂದು ನನಗೆ ತೋರುತ್ತದೆ. ಈ ಅಳತೆಗೋಲನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ಮೇ ತಿಂಗಳಲ್ಲಿ, ಒಣಮಂಜುಗಡ್ಡೆಯಲ್ಲಿ ಹುದುಗಿಸಿ ಕಳುಹಿಸಿದ್ದ ಕಿಣ್ವಗಳ ಒಂದು ಪೆಟ್ಟಿಗೆ ದೇವನಹಳ್ಳಿಯ ವಿಮಾನ ನಿಲ್ದಾಣಕ್ಕೆ ಬಂದಿಳಿಯಿತು. ಕಾಗದಪತ್ರದಲ್ಲಿ ಒಂದು ಸಂಕೇತ ಸಂಖ್ಯೆ ತಪ್ಪಾಗಿತ್ತು. ತಪ್ಪು ಯಾರದೆಂಬುದನ್ನು ಸಾಗಣೆದಾರರೂ ಮಾರಾಟಗಾರರೂ ಪರಸ್ಪರ ಬೆರಳು ತೋರಿಸಿ ಇವತ್ತಿಗೂ ಬಗೆಹರಿಸಿಲ್ಲ. ಪ್ರಯೋಗಾಲಯದಿಂದ ಅರ್ಧ ಗಂಟೆಯ ದಾರಿಯಲ್ಲಿದ್ದ ಆ ಪೆಟ್ಟಿಗೆ ನಮ್ಮ ಕೈಗೆ ಸೇರಲು ಒಂಬತ್ತು ದಿನ ಹಿಡಿಯಿತು. ತೆರೆದಾಗ ಒಣಮಂಜು ಆವಿಯಾಗಿ ಹೋಗಿ, ಒಳಗಿನ ಟ್ಯೂಬ್‌ಗಳು ಬೆಂಗಳೂರಿನ ಬೇಸಿಗೆಯ ಬಿಸಿಗೆ ಬೆಚ್ಚಗೆ ಕುಳಿತಿದ್ದವು. ವಿದ್ಯಾರ್ಥಿನಿಯೊಬ್ಬಳ ಮೂರು ತಿಂಗಳ ಕೆಲಸ ಮುಂದಕ್ಕೆ ಹೋಯಿತು. ಅದೇ ಪ್ರಯೋಗವನ್ನು ಮಾಡುತ್ತಿದ್ದ ಬಾಸ್ಟನ್ನಿನ ಗುಂಪಿಗೆ ಬೆಳಿಗ್ಗೆ ಹೇಳಿದ ಕಿಣ್ವ ಮರುದಿನ ಬೆಳಿಗ್ಗೆ ಬಂದಿರುತ್ತದೆ. ಉಲ್ಲೇಖಗಳ ಪಟ್ಟಿಯಲ್ಲಿ ಆ ಗುಂಪು ನಮ್ಮ ಮೇಲೆ ನಿಂತಾಗ, ಅದರಲ್ಲಿ ಬುದ್ಧಿಯ ಪಾಲೆಷ್ಟು, ಪಾರ್ಸೆಲಿನ ಪಾಲೆಷ್ಟು ಎಂದು ಬೇರ್ಪಡಿಸುವ ಸೂತ್ರವನ್ನು ಯಾರೂ ಕಂಡುಹಿಡಿದಿಲ್ಲ.

ಹಾಗಾದರೆ ಇಲ್ಲಿಯೇ ತಯಾರಾದ ಕಿಣ್ವ ಕೊಳ್ಳಬಹುದಲ್ಲ ಎಂದು ನೀವು ಕೇಳಬಹುದು. ಬೆಂಗಳೂರಿನಲ್ಲೂ ಹೈದರಾಬಾದಿನಲ್ಲೂ ತಯಾರಕರಿದ್ದಾರೆ, ಗುಣಮಟ್ಟವೂ ಸುಧಾರಿಸಿದೆ. ಆದರೆ ಮೂರು ವರ್ಷದ ಪ್ರಯೋಗದ ಫಲ ಒಂದು ಟ್ಯೂಬಿನ ಮೇಲೆ ನಿಂತಿರುವಾಗ ವಿದ್ಯಾರ್ಥಿ ಪರಿಚಿತ ಲೇಬಲ್ಲನ್ನೇ ಕೇಳುತ್ತಾನೆ, ಪ್ರಬಂಧದ ಪರಿಶೀಲಕರೂ ಅದನ್ನೇ ನಿರೀಕ್ಷಿಸುತ್ತಾರೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ಪ್ರಯೋಗಾಲಯದಲ್ಲಿ ಖರೀದಿ ನೀತಿಯೇ ಆಗಿಬಿಟ್ಟಿದೆ. ನಾನೂ ಅದಕ್ಕೆ ಹೊರತಲ್ಲ.

ಮದ್ದಿನ ಮಾತು ಬಂದಿತು. ಭಾರತದ ಪ್ರಭಾವವನ್ನು ನೋಡಬೇಕಾದದ್ದು ಅಲ್ಲಿಯೇ. ನಮ್ಮ ಫ್ರೀಜರಿನಲ್ಲಿ ಕಾಣದ ಭಾರತ ಜಗತ್ತಿನ ಔಷಧದಂಗಡಿಗಳ ಫ್ರಿಜ್ಜಿನಲ್ಲಿದೆ. 1978ರಲ್ಲಿ ಕಿರಣ್ ಮಜುಂದಾರ್ ಶಾ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜಿನಲ್ಲಿ ಬಯೋಕಾನ್ ಆರಂಭಿಸಿದಾಗ ಮಾಡುತ್ತಿದ್ದದ್ದು ಪಪ್ಪಾಯಿಯಿಂದ ಪಪೇನ್, ಮೀನಿನ ಗಾಳಿಚೀಲದಿಂದ ಬಿಯರ್ ತಿಳಿಗೊಳಿಸುವ ಐಸಿಂಗ್ಲಾಸ್. ಹೆಸರೂ ಬಂಡವಾಳದ ಪಾಲೂ ಐರ್ಲೆಂಡಿನ ಕಂಪನಿಯೊಂದರಿಂದ ಬಂದಿದ್ದವು. ಅದೇ ಬಯೋಕಾನ್ 2004ರಲ್ಲಿ ಪಿಕಿಯಾ ಎಂಬ ಯೀಸ್ಟಿನಲ್ಲಿ ಬೆಳೆಸಿದ ಮಾನವ ಇನ್ಸುಲಿನ್ ಅನ್ನು ಮಾರುಕಟ್ಟೆಗೆ ತಂದಿತು. 2021ರ ಜುಲೈನಲ್ಲಿ, ಅದು ಪಾಲುದಾರ ಕಂಪನಿಯೊಂದಿಗೆ ಸೇರಿ ತಯಾರಿಸಿದ ಗ್ಲಾರ್ಜಿನ್ ಎಂಬ ಬಗೆಯ ಇನ್ಸುಲಿನ್ ಅನ್ನು ಅಮೆರಿಕದ ಔಷಧ ನಿಯಂತ್ರಕರು ಮೂಲ ಔಷಧದ ಬದಲಿಗೆ ಅಂಗಡಿಯಲ್ಲೇ ಅದಲುಬದಲಾಗಿ ಕೊಡಬಹುದಾದ ಮೊತ್ತಮೊದಲ ಜೈವಿಕ ಸಮಾನ ಔಷಧವೆಂದು ಒಪ್ಪಿದರು. ಇನ್ಸುಲಿನ್ ಜೀನನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿ ಮೊದಲು ತಯಾರಿಸಿದ ಕೀರ್ತಿ ಕ್ಯಾಲಿಫೋರ್ನಿಯಾದ ಜೆನೆಂಟೆಕ್‌ಗೆ ಸೇರಿದ್ದು, 1982ರಲ್ಲಿ ಅದು ಬಳಕೆಗೆ ಬಂತು. ಮೊದಲು ಮಾಡಿದವರದು ದೊಡ್ಡ ಪ್ರಭಾವ, ಅಗ್ಗ ಮಾಡಿದವರದು ಸಣ್ಣದು ಎಂದು ಸಂಶೋಧನೆಯ ಲೋಕ ಭಾವಿಸುತ್ತದೆ. ನಮ್ಮ ಚಿಕ್ಕಪ್ಪ ಇಪ್ಪತ್ತು ವರ್ಷದಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದಾರೆ. ಅವರ ಮಟ್ಟಿಗೆ ಈ ಶ್ರೇಣಿ ತಲೆಕೆಳಗು.

ಲಸಿಕೆಗಳಲ್ಲೂ ಇದೇ ಕಥೆ. ಹೈದರಾಬಾದಿನ ಶಾಂತಾ ಬಯೋಟೆಕ್ 1997ರಲ್ಲಿ ಹೆಪಟೈಟಿಸ್ ಬಿ ಲಸಿಕೆಯನ್ನು ದೇಶದಲ್ಲೇ ತಯಾರಿಸಿದ ಮೇಲೆ ಅದರ ಬೆಲೆ ಕುಸಿಯಿತು. ಮಕ್ಕಳಿಗೆ ಭೇದಿ ತರುವ ರೋಟಾವೈರಸ್ ವಿರುದ್ಧದ ರೋಟಾವ್ಯಾಕ್ ಲಸಿಕೆಯದು ಇನ್ನೂ ಸೊಗಸಾದ ಸಂಗತಿ. ದೆಹಲಿಯ ಆಸ್ಪತ್ರೆಯೊಂದರ ನವಜಾತ ಶಿಶುಗಳಲ್ಲಿ ರೋಗ ತರದೆ ನೆಲೆಸಿದ್ದ ವೈರಸನ್ನು ಮಹಾರಾಜ್ ಕಿಶನ್ ಭಾನ್ ಮತ್ತು ಸಂಗಡಿಗರು ಗುರುತಿಸಿ, ಅದನ್ನೇ ಲಸಿಕೆಯಾಗಿ ಬೆಳೆಸಿದರು. 2015ರಲ್ಲಿ ಅದು ಸುಮಾರು ಒಂದು ಡಾಲರ್ ಬೆಲೆಗೆ ಹೊರಬಂತು. ಇದನ್ನು ಅಗ್ಗದ ನಕಲು ಎಂದು ಯಾರೂ ಕರೆಯಲಾರರು.

ದೇಶಗಳ ಪಟ್ಟಿಗಳಲ್ಲಿ ಹೆಸರೇ ಕಾಣದ ಕ್ಯೂಬಾದ ಬಗ್ಗೆಯೂ ಒಂದು ಮಾತು ಹೇಳಬೇಕು. ಅಮೆರಿಕದ ದಿಗ್ಬಂಧನದ ನಡುವೆ ಹವಾನಾದ ಅಣು ಪ್ರತಿರಕ್ಷಾ ಕೇಂದ್ರ ಅಭಿವೃದ್ಧಿಪಡಿಸಿದ ನಿಮೊಟುಝುಮ್ಯಾಬ್ ಎಂಬ ಪ್ರತಿಕಾಯ, ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ, 2006ರಲ್ಲಿ ಬೆಂಗಳೂರಿನಿಂದಲೇ ಭಾರತದ ಮಾರುಕಟ್ಟೆಗೆ ಬಂತು. ಹೊಗೆಸೊಪ್ಪು ಜಗಿಯುವ ನಮ್ಮ ನಾಡಿನಲ್ಲಿ ಆ ಕ್ಯಾನ್ಸರ್ ಎಷ್ಟೆಂದು ಕಿದ್ವಾಯಿ ಆಸ್ಪತ್ರೆಯ ಹೊರರೋಗಿಗಳ ಸಾಲು ನೋಡಿದವರಿಗೆ ಗೊತ್ತು. ಇಪ್ಪತ್ತು ವರ್ಷದ ನಂತರವೂ ಇಂಥ ದಾರಿ ತೆರೆದೇ ಇದೆ. ರೋಗಿಯ ರಕ್ತಕಣಗಳನ್ನೇ ತಿದ್ದಿ ರಕ್ತದ ಕ್ಯಾನ್ಸರ್ ವಿರುದ್ಧ ಹೂಡುವ ಕಾರ್-ಟಿ ಚಿಕಿತ್ಸೆಯ ಒಂದು ರೂಪವನ್ನು ಬಾರ್ಸಿಲೋನಾದ ಸಾರ್ವಜನಿಕ ಆಸ್ಪತ್ರೆಯೊಂದರಿಂದ ಪಡೆದು ಬೆಂಗಳೂರಿನ ಇಮ್ಯುನೀಲ್ 2025ರ ಆರಂಭದಲ್ಲಿ ಬಳಕೆಗೆ ತಂದಿತು. ಮುಂಬೈಯ ಐಐಟಿ ಮತ್ತು ಟಾಟಾ ಸ್ಮಾರಕ ಕೇಂದ್ರ ಸ್ವಂತವಾಗಿ ರೂಪಿಸಿದ ಇನ್ನೊಂದಕ್ಕೆ 2023ರ ಅಕ್ಟೋಬರ್‌ನಲ್ಲೇ ಅನುಮತಿ ಸಿಕ್ಕಿತ್ತು. ಅದರ ಬೆಲೆ ಅಮೆರಿಕದ ಬೆಲೆಯ ಸುಮಾರು ಹತ್ತನೇ ಒಂದು ಪಾಲು.

ಇಷ್ಟೆಲ್ಲ ಹೇಳಿದ ಮೇಲೂ, ಅಗ್ಗದ ಔಷಧದ ಹೆಮ್ಮೆಯನ್ನು ಮುಂದಿಟ್ಟು ಉಳಿದದ್ದನ್ನು ಮುಚ್ಚಿಕೊಳ್ಳುವ ಅಭ್ಯಾಸ ನನಗೆ ಹಿಡಿಸುವುದಿಲ್ಲ. ನಾವು ತಪ್ಪಿಸಿಕೊಂಡ ಒಂದು ಬಸ್ಸಿನ ನೆನಪು ಇವತ್ತಿಗೂ ಕಾಡುವಂಥದ್ದು. ಮಾನವ ಜೀನೋಮನ್ನು, ಅಂದರೆ ಮನುಷ್ಯನ ಡಿಎನ್‌ಎಯ ಪೂರ್ಣ ಬರಹವನ್ನು, ಓದುವ ಅಂತರರಾಷ್ಟ್ರೀಯ ಯೋಜನೆ 1990ರಲ್ಲಿ ಆರಂಭವಾಗಿ 2003ರಲ್ಲಿ ಮುಗಿಯಿತು. ಅದರಲ್ಲಿ ಪಾಲ್ಗೊಂಡ ದೇಶಗಳು ಆರು: ಅಮೆರಿಕ, ಬ್ರಿಟನ್, ಜಪಾನ್, ಫ್ರಾನ್ಸ್, ಜರ್ಮನಿ ಮತ್ತು ಚೀನಾ. ಚೀನಾ ಬಂದು ಸೇರಿದ್ದು 1999ರಲ್ಲಿ, ಎಲ್ಲರಿಗಿಂತ ಕೊನೆಗೆ. ಅದು ಹೊತ್ತ ಪಾಲು ಒಟ್ಟು ಕೆಲಸದ ಶೇ. 1 ಮಾತ್ರ. ಆಗ ಅದು ನಗಣ್ಯವೆಂದು ಕಂಡಿರಬಹುದು. ಆ ಶೇ. 1ಕ್ಕಾಗಿಯೇ ಹುಟ್ಟಿದ ಬಿಜಿಐ ಎಂಬ ಸಂಸ್ಥೆ ಮುಂದೆ ಜಗತ್ತಿನ ಅತಿ ದೊಡ್ಡ ಜೀನೋಮ್ ಕೇಂದ್ರಗಳಲ್ಲಿ ಒಂದಾಗಿ, 2013ರಲ್ಲಿ ಅಮೆರಿಕದ ಒಂದು ಯಂತ್ರ ತಯಾರಿಕಾ ಕಂಪನಿಯನ್ನೇ ಕೊಂಡು, ಡಿಎನ್‌ಎ ಓದುವ ಯಂತ್ರಗಳನ್ನು ತಾನೇ ಮಾಡತೊಡಗಿತು. ಭಾರತ ಆ ಆರರಲ್ಲಿ ಇರಲಿಲ್ಲ. ಅಂಥ ಒಂದು ಪಾಲು ಹೊತ್ತಿದ್ದರೆ ಕಲಿಯಬೇಕಾಗುತ್ತಿದ್ದ ಕೆಲಸ, ಕೊಳ್ಳಬೇಕಾಗುತ್ತಿದ್ದ ಯಂತ್ರ, ತಯಾರಾಗುತ್ತಿದ್ದ ಜನ, ಎಲ್ಲವೂ ನಮಗೆ ತಡವಾಗಿ ಬಂದವು.

ದತ್ತಾಂಶದ ವಿಷಯದಲ್ಲಿ ಆ ತಡವಾದದ್ದರ ಬೆಲೆಯನ್ನು ನಾನು ಕಣ್ಣಾರೆ ನೋಡುತ್ತಿದ್ದೇನೆ. ಬ್ರಿಟನ್ನಿನ ಬಯೋಬ್ಯಾಂಕ್ 2006ರಿಂದ 2010ರವರೆಗೆ 5 ಲಕ್ಷ ಜನರನ್ನು ಸೇರಿಸಿಕೊಂಡು ಅವರ ರಕ್ತ, ಆರೋಗ್ಯದ ದಾಖಲೆ, ಈಗ ಅವರ ಪೂರ್ಣ ಜೀನೋಮನ್ನೂ ಜಗತ್ತಿನ ಸಂಶೋಧಕರಿಗೆ ಒದಗಿಸುತ್ತಿದೆ. ನಮ್ಮ ಕಟ್ಟಡದ ಮೂರನೇ ಮಹಡಿಯಲ್ಲಿ ಕುಳಿತ ಹುಡುಗರು ಹೃದ್ರೋಗದ ಜೀನ್‌ಗಳನ್ನು ಹುಡುಕುವುದು ಬಹುಪಾಲು ಬಿಳಿಯರೇ ಇರುವ ಆ ಬ್ರಿಟಿಷ್ ರಕ್ತದಲ್ಲಿ. ನಮ್ಮ ರಕ್ತದಲ್ಲಿ ಬೇರೆ ಸಂಗತಿಗಳಿವೆ ಎಂಬುದು ಗೊತ್ತಿಲ್ಲದ ವಿಷಯವಲ್ಲ. ಹೃದಯದ ಸ್ನಾಯುವಿನ ಒಂದು ಪ್ರೋಟೀನಿನ ಜೀನ್‌ನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ದೋಷ ದಕ್ಷಿಣ ಏಷ್ಯಾದ ಜನರಲ್ಲಿ ಸುಮಾರು ಶೇ. 4ರಷ್ಟು ಮಂದಿಯಲ್ಲಿದೆ ಎಂದೂ, ಅದು ಹೃದಯ ದುರ್ಬಲವಾಗುವುದಕ್ಕೆ ಸಂಬಂಧಿಸಿದೆ ಎಂದೂ 2009ರಲ್ಲಿ ಹೈದರಾಬಾದಿನ ವಿಜ್ಞಾನಿಗಳೂ ಸೇರಿದ ತಂಡ ತೋರಿಸಿತು. ಯುರೋಪಿನವರ ದತ್ತಾಂಶವನ್ನು ಎಷ್ಟು ಜಾಲಾಡಿದರೂ ಅದು ಸಿಗುತ್ತಿರಲಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದಲ್ಲಿ 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆಯ 10 ಸಾವಿರ ಜೀನೋಮ್‌ಗಳು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದುಕೊಂಡವು. 140 ಕೋಟಿ ಜನರ ದೇಶಕ್ಕೆ ಇದು ಸಣ್ಣ ಸಂಖ್ಯೆ, ಆದರೆ ಕೊನೆಗೂ ಸ್ವಂತ ಸಂಖ್ಯೆ.

ಹಣದ ಮಾತನ್ನು ಉದ್ದ ಮಾಡುವುದಿಲ್ಲ. ಎಲ್ಲ ಬಗೆಯ ಸಂಶೋಧನೆಗೂ ಸೇರಿ ಭಾರತ ಖರ್ಚು ಮಾಡುವುದು ತನ್ನ ಒಟ್ಟು ಉತ್ಪನ್ನದ ಸುಮಾರು ಶೇ. 0.64. ಚೀನಾ ಶೇ. 2.5ನ್ನು ದಾಟಿದೆ, ದಕ್ಷಿಣ ಕೊರಿಯಾ ಶೇ. 5ರ ಸಮೀಪವಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಒಂದು ವರ್ಷದ ಬಜೆಟ್ಟನ್ನು ರೂಪಾಯಿಗೆ ಪರಿವರ್ತಿಸಿದರೆ 4 ಲಕ್ಷ ಕೋಟಿಯ ಸುತ್ತಮುತ್ತ ಬರುತ್ತದೆ. ನಮ್ಮ ಜೈವಿಕ ತಂತ್ರಜ್ಞಾನ ಇಲಾಖೆಯದು ಕೆಲವು ಸಾವಿರ ಕೋಟಿ. ಈ ಅಂತರದಲ್ಲಿ ಉಲ್ಲೇಖಗಳ ಪಟ್ಟಿಯ ಮೊದಲ ಐದರಲ್ಲಿ ಭಾರತದ ಹೆಸರು ಅಲ್ಲಲ್ಲಿ ಕಾಣಿಸಿಕೊಳ್ಳುವುದೇ ಸೋಜಿಗ. ಕಾಫಿ ಕೋಣೆಯ ವಿದ್ಯಾರ್ಥಿಗೆ ಇದನ್ನು ಹೇಳಿದಾಗ ಅವನು, ಹಾಗಾದರೆ ರೂಪಾಯಿಗೆ ಎಷ್ಟು ಉಲ್ಲೇಖ ಎಂದು ಲೆಕ್ಕ ಹಾಕಿ ಹೊಸ ಪಟ್ಟಿ ಮಾಡೋಣ ಎಂದ. ಅವನು ತಮಾಷೆಗೆ ಹೇಳಿದನೋ ನಿಜಕ್ಕೂ ಹೇಳಿದನೋ ತಿಳಿಯಲಿಲ್ಲ.

ದಾಸ್ತಾನು ಪಟ್ಟಿಯ ಕೊನೆಯ ಸಾಲು ಉಳಿದಿತ್ತು. ಕೆಳಗಿನ ಅರೆಯಲ್ಲಿ, ಕೈಬರಹದ ಲೇಬಲ್ ಅಂಟಿಸಿದ ಸಣ್ಣ ಟ್ಯೂಬ್‌ಗಳ ಒಂದು ಡಬ್ಬಿ: ‘ಟ್ಯಾಕ್, ಮನೆಯದು’. ಡಿಎನ್‌ಎಯನ್ನು ಕೋಟಿಗಟ್ಟಲೆ ಪ್ರತಿ ಮಾಡುವ ಪಿಸಿಆರ್ ಕ್ರಿಯೆಯ ಜೀವಾಳ ಈ ಕಿಣ್ವ. ಇದು ಬಂದಿರುವ ಬ್ಯಾಕ್ಟೀರಿಯಾವನ್ನು 1960ರ ದಶಕದಲ್ಲಿ ಥಾಮಸ್ ಬ್ರಾಕ್ ಅಮೆರಿಕದ ಯೆಲ್ಲೊಸ್ಟೋನ್ ಉದ್ಯಾನದ ಬಿಸಿನೀರಿನ ಬುಗ್ಗೆಯಿಂದ ಹೆಕ್ಕಿದ. 1976ರಲ್ಲಿ ಆಲಿಸ್ ಚಿಯೆನ್ ಮತ್ತು ಸಂಗಡಿಗರು ಸಿನ್ಸಿನಾಟಿಯಲ್ಲಿ ಕಿಣ್ವವನ್ನು ಶುದ್ಧಗೊಳಿಸಿದರು. ಅದರಿಂದ ಕಂಪನಿಗಳು ಗಳಿಸಿದ ಹಣದಲ್ಲಿ ಉದ್ಯಾನಕ್ಕೆ ಬಿಡಿಗಾಸೂ ಸೇರಲಿಲ್ಲ. ಪಿಸಿಆರ್‌ನ ಮೂಲ ಪೇಟೆಂಟ್‌ಗಳ ಅವಧಿ ಮುಗಿದು ವರ್ಷಗಳೇ ಕಳೆದಿವೆ. ಈ ಕಿಣ್ವದ ಜೀನ್ ಇರುವ ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರವನ್ನು ಪಕ್ಕದ ಪ್ರಯೋಗಾಲಯದಿಂದ ಕೇಳಿ ತಂದು, ನಮ್ಮ ಶೀತಲ ಕೋಣೆಯಲ್ಲಿ ವಿದ್ಯಾರ್ಥಿನಿಯೊಬ್ಬಳು ಎರಡು ದಿನ ಸ್ವೆಟರ್ ಹಾಕಿಕೊಂಡು ಕುಳಿತು ತಯಾರಿಸಿದ ಕಿಣ್ವ ಇದು. ಒಣಮಂಜಿನ ಪೆಟ್ಟಿಗೆ ಹಾಳಾದ ಆ ಮೇ ತಿಂಗಳಲ್ಲಿ ಕೈಕಟ್ಟಿ ಕೂರಲು ಒಪ್ಪದವಳು ಅವಳೇ. ಆ ಸಾಲಿನ ‘ಮೂಲ ದೇಶ’ದ ಮುಂದೆ ನಾನು ‘ಭಾರತ’ ಎಂದು ಬರೆದೆ. ಏಪ್ರಿಲ್ ಎರಡನೇ ವಾರ ಲೆಕ್ಕಪರಿಶೋಧನೆಯವರಿಂದ ಟಿಪ್ಪಣಿ ಬಂತು: ಈ ವಸ್ತುವಿಗೆ ಖರೀದಿ ರಸೀದಿ ಲಗತ್ತಿಸಿಲ್ಲ, ವಿವರಣೆ ನೀಡಿ.